ದುಡಿದು ಓದುವ ವಿದ್ಯಾರ್ಥಿಯ ರಸಾಯನಶಾಸ್ತ್ರ: ಲೆಕ್ಕವೂ ನಿರೂಪಣೆಯೂ

ರಸಾಯನಶಾಸ್ತ್ರವು ತೂಗುವ ಮತ್ತು ಅಳೆಯುವ ಶಾಸ್ತ್ರ. ತೂಗಿ ಅಳೆದು ಕಂಡುದನ್ನು ಪರರಿಗೆ ಸಂದೇಹಕ್ಕೆಡೆಯಿಲ್ಲದಂತೆ ತಿಳಿಸುವವರೆಗೂ ರಸಾಯನಜ್ಞನ ಕಾರ್ಯ ಮುಗಿದಂತಾಗದು. ಪರಿಮಾಣಗಳನ್ನು ಲೆಕ್ಕಿಸುವ ಶಕ್ತಿ, ಫಲಿತಾಂಶವನ್ನು ನಿರೂಪಿಸುವ ಶಕ್ತಿ, ಈ ಎರಡನ್ನೂ ದಿನದ ಒಂದು ಭಾಗವನ್ನು ದುಡಿಮೆಗೆ ಕೊಟ್ಟು ಉಳಿದ ವೇಳೆಯಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಹೇಗೆ ಎಂಬುದನ್ನು ಯಾದಗಿರಿ, ಶಹಾಪುರ, ಸುರಪುರಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪಟ್ಟಣಗಳ ಕಾಲೇಜುಗಳಿಗೆ ಬರುವವರಲ್ಲಿ ಅನೇಕರು ದಾಖಲೆಯಲ್ಲಿ ಪೂರ್ಣಕಾಲಿಕರಾದರೂ ವಾಸ್ತವದಲ್ಲಿ ಅರೆಕಾಲಿಕರು. ಬಿತ್ತನೆಯ ಮತ್ತು ಹತ್ತಿ ಬಿಡಿಸುವ ದಿನಗಳಲ್ಲಿ ಹೊಲವೂ, ಉಳಿದ ದಿನಗಳಲ್ಲಿ ಅಂಗಡಿಯ ಕೆಲಸವೂ ಅವರ ವೇಳೆಯನ್ನು ಬೇಡುತ್ತವೆ. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ ಮತ್ತು ಔಷಧ ಕಾರ್ಖಾನೆಗಳಲ್ಲಿ ಪಾಳಿಯಂತೆ ದುಡಿಯುತ್ತ ಓದಬಯಸುವವರ ಸ್ಥಿತಿಯೂ ಇದೇ. ಇದಕ್ಕೆ ಭಾಷೆಯ ತೊಡಕು ಬೇರೆ ಸೇರುತ್ತದೆ. ಪ್ರೌಢಶಾಲೆಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತವರು ಪದವಿ ತರಗತಿಯಲ್ಲಿ ಇಂಗ್ಲಿಷ್ ಪಠ್ಯವನ್ನು ಎದುರಿಸಬೇಕಾಗುತ್ತದೆ. ಮನೆಯಲ್ಲಿ ಉರ್ದು, ತೆಲುಗು ಅಥವಾ ಲಂಬಾಣಿ ಮಾತನಾಡುವವರಿಗೆ ಅದು ಮೂರನೆಯ ಭಾಷೆ.

ಇಂಥವರಿಗೆ ಗಣಿತಕ್ಕೊಂದು, ಭಾಷೆಗೊಂದು ಎಂದು ಪ್ರತ್ಯೇಕ ತರಗತಿಗಳನ್ನು ಏರ್ಪಡಿಸುವುದು ರೂಢಿ. ಆದರೆ ವೇಳೆಯ ಅಭಾವವೇ ಯಾರ ಮುಖ್ಯ ಕಷ್ಟವೋ ಅವರಿಗೆ ಇನ್ನೆರಡು ತರಗತಿಗಳನ್ನು ಹೊರಿಸಿದರೆ ಭಾರ ಹೆಚ್ಚುವುದೇ ಹೊರತು ಬಲ ಹೆಚ್ಚದು. ಲೆಕ್ಕವನ್ನೂ ನಿರೂಪಣೆಯನ್ನೂ ಪ್ರಯೋಗಶಾಲೆಯ ಒಂದೇ ಅಭ್ಯಾಸದಲ್ಲಿ ಕೂಡಿಸಿ ಕಲಿಸಬಹುದು, ಕಲಿಸತಕ್ಕದ್ದು ಎಂಬುದು ನಮ್ಮ ಅಭಿಪ್ರಾಯ.

ಈ ಕೂಡಿಕೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ವೂ ಕನ್ನಡದ 'ಕವಿರಾಜಮಾರ್ಗ'ವೂ ಹುಟ್ಟಿದುವು. ಒಂದು ಲೆಕ್ಕದ ಶುದ್ಧಿಯನ್ನು, ಮತ್ತೊಂದು ಮಾತಿನ ಶುದ್ಧಿಯನ್ನು ವಿಚಾರಿಸಿದ ಗ್ರಂಥ. ಬೇರೆ ಬೇರೆ ವರ್ಣದ ಚಿನ್ನವನ್ನು ಕೂಡಿಸಿ ಕರಗಿಸಿದರೆ ಮಿಶ್ರಣದ ವರ್ಣವೆಷ್ಟು ಎಂಬ ಬಗೆಯ ಲೆಕ್ಕಗಳು ಮಹಾವೀರನಲ್ಲಿವೆ. ಇಂದಿನ ದ್ರಾವಣಗಳ ಸಾರತೆಯ ಲೆಕ್ಕವೂ ಇದೇ ಜಾತಿಯದು.

ಆರಂಭವನ್ನು ವಿದ್ಯಾರ್ಥಿಗೆ ಈಗಾಗಲೇ ತಿಳಿದಿರುವುದರಿಂದ ಮಾಡಬೇಕು. ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆ ನೀರುಣಿಸುವ ಹೊಲಗಳಲ್ಲಿ ಬೆಳೆದ ಹುಡುಗನಿಗೆ ಔಷಧಿ ಹೊಡೆಯುವ ಪಂಪಿನ ಪರಿಚಯವಿದೆ. ಲೀಟರಿಗೆ 2 ಮಿಲಿಲೀಟರಿನಂತೆ 15 ಲೀಟರಿನ ಪಂಪಿಗೆ 30 ಮಿಲಿಲೀಟರು ಎಂದು ಅವನು ಬಾಯಿಲೆಕ್ಕದಲ್ಲೇ ಹೇಳಬಲ್ಲನು. ಅದೇ ಹುಡುಗ 0.1 ಮೋಲಾರ್ ದ್ರಾವಣದಿಂದ 0.01 ಮೋಲಾರ್ ದ್ರಾವಣ ಮಾಡೆಂದಾಗ ಸೂತ್ರವನ್ನು ನೆನೆಯುತ್ತ ನಿಲ್ಲುತ್ತಾನೆ. ಎರಡೂ ಒಂದೇ ಕೆಲಸವೆಂದು ತೋರಿಸಿದ ಮೇಲೆ ವ್ಯತ್ಯಾಸವನ್ನೂ ತಿಳಿಸಬೇಕು: ಪ್ರಯೋಗಶಾಲೆಯಲ್ಲಿ 10 ಮಿಲಿಲೀಟರಿಗೆ 100 ಮಿಲಿಲೀಟರು ನೀರನ್ನು ಬೆರೆಸುವುದಿಲ್ಲ, ಒಟ್ಟು 100 ಮಿಲಿಲೀಟರು ಆಗುವಂತೆ ಗುರುತಿನವರೆಗೆ ತುಂಬುತ್ತೇವೆ. 'ಬೆರೆಸು', 'ಗುರುತಿನವರೆಗೆ ತುಂಬು' ಎಂಬ ಎರಡು ಮಾತುಗಳ ಅಂತರವೇ ಇಲ್ಲಿ ಲೆಕ್ಕದ ಅಂತರ.

ಇನ್ನು ನೀರಿನ ಗಡಸುತನವನ್ನು ನೋಡೋಣ. ಕೊಳವೆಬಾವಿಯ 50 ಮಿಲಿಲೀಟರು ನೀರಿಗೆ 0.01 ಮೋಲಾರ್ ಇ.ಡಿ.ಟಿ.ಎ. ದ್ರಾವಣವು 18.4 ಮಿಲಿಲೀಟರು ಹಿಡಿಯಿತೆಂದಿಟ್ಟುಕೊಳ್ಳೋಣ. ಕ್ಯಾಲ್ಸಿಯಂ ಕಾರ್ಬೊನೇಟಿನ ಅಣುತೂಕವನ್ನು 100.09 ಎಂದು ಹಿಡಿದು ಗುಣಿಸಿದರೆ ಗಣಕಯಂತ್ರವು ಲೀಟರಿಗೆ 368.3312 ಮಿಲಿಗ್ರಾಮು ಎಂದು ತೋರಿಸುತ್ತದೆ. ವಿದ್ಯಾರ್ಥಿ ಅಷ್ಟನ್ನೂ ಬರೆದುಕೊಳ್ಳುತ್ತಾನೆ. ಆದರೆ ಬ್ಯೂರೆಟ್ಟಿನಲ್ಲಿ 0.1 ಮಿಲಿಲೀಟರಿನ ವ್ಯತ್ಯಾಸವು ಫಲಿತಾಂಶದಲ್ಲಿ ಸುಮಾರು 2 ಮಿಲಿಗ್ರಾಮಿನ ವ್ಯತ್ಯಾಸವನ್ನು ಉಂಟುಮಾಡುತ್ತದೆ. ಹೀಗಿರಲು ದಶಮಾಂಶದ ಮುಂದಿನ ಅಂಕಿಗಳು ಅರ್ಥಶೂನ್ಯ. 368 ಎಂದು ಬರೆದು, ಅದು 2ರಷ್ಟು ಹೆಚ್ಚುಕಡಿಮೆಯಾಗಬಹುದೆಂದು ಸೂಚಿಸಿದರೆ ಸಾಕು. ಎಷ್ಟು ಅಂಕಿಗಳನ್ನು ಬರೆಯಬೇಕೆಂಬುದು ಎಷ್ಟನ್ನು ನಾವು ಬಲ್ಲೆವೆಂಬುದರ ಪ್ರಾಮಾಣಿಕ ಹೇಳಿಕೆ.

ಈ ಲೆಕ್ಕ ಮುಗಿದೊಡನೆ ವಿದ್ಯಾರ್ಥಿ ಮೂರು ಹೇಳಿಕೆಗಳನ್ನು ಬರೆಯಬೇಕು. ಮೊದಲನೆಯದು ಸಹೋದ್ಯೋಗಿ ರಸಾಯನಜ್ಞನಿಗೆ: ಮಾದರಿ ಯಾವುದು, ವಿಧಾನ ಯಾವುದು, ಫಲಿತಾಂಶವೆಷ್ಟು, ಸಂಭವನೀಯ ದೋಷವೆಷ್ಟು. ಎರಡನೆಯದು ಗ್ರಾಮ ಪಂಚಾಯಿತಿಗೆ: ಭಾರತೀಯ ಮಾನಕದ 2012ರ ಆವೃತ್ತಿಯಂತೆ ಗಡಸುತನದ ಸ್ವೀಕಾರಾರ್ಹ ಮಿತಿ ಲೀಟರಿಗೆ 200 ಮಿಲಿಗ್ರಾಮು, ಬೇರೆ ಜಲಮೂಲವಿಲ್ಲದಿದ್ದರೆ 600ರವರೆಗೆ ಅನುಮತಿಯುಂಟು, ಈ ನೀರು ಎರಡರ ನಡುವೆ ಇದೆ. ಮೂರನೆಯದು ಆ ಬಾವಿಯಿಂದ ನೀರು ಸೇದುವ ಮನೆಯವರಿಗೆ: ಗಡಸುತನ ಮಾತ್ರವನ್ನು ನೋಡಿದರೆ ಈ ನೀರನ್ನು ಕುಡಿಯಲು ಅಡ್ಡಿಯಿಲ್ಲ, ಆದರೆ ಸಾಬೂನು ನೊರೆಗಟ್ಟದು, ಪಾತ್ರೆಯಲ್ಲಿ ಬಿಳಿಯ ಪೊರೆ ಕೂಡುವುದು. ಮೊದಲನೆಯದನ್ನು ಇಂಗ್ಲಿಷಿನಲ್ಲೂ ಉಳಿದೆರಡನ್ನು ಕನ್ನಡದಲ್ಲೂ ಬರೆಯಿಸಬೇಕು. ಬರೆಯುವ ಮುನ್ನ ಬಾಯಲ್ಲಿ ಹೇಳಿಸುವುದು ಒಳಿತು. ಹೇಳುವಾಗ ತಡವರಿಸಿದ ಸ್ಥಳವೇ ಅರ್ಥವಾಗದ ಸ್ಥಳವೆಂದು ಅಧ್ಯಾಪಕರು ಗುರುತಿಸಬಹುದು.

ಇದನ್ನು ಕೇವಲ ಪರೀಕ್ಷೆಯ ಅಂಕಗಳ ವಿಷಯವೆಂದು ಭಾವಿಸಲಾಗದು. ಸುರಪುರ ತಾಲ್ಲೂಕಿನಲ್ಲಿ, ಕರಾವಳಿಯ ನಗರದ ಹೆಸರನ್ನೇ ಹೊತ್ತ ಮಂಗಳೂರು ಎಂಬ ಹಳ್ಳಿಯ ಸುತ್ತ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಚಿನ್ನದ ಅದಿರಿನೊಡನೆ ಆರ್ಸೆನಿಕ್ಕುಳ್ಳ ಖನಿಜಗಳು ಕೂಡಿರುವುದು ಸಾಮಾನ್ಯ. ಆ ಭಾಗದ ಕಿರದಳ್ಳಿ ತಾಂಡಾದ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇದ್ದುದೂ ಅದರಿಂದ ನಿವಾಸಿಗಳು ಚರ್ಮವ್ಯಾಧಿಗೆ ತುತ್ತಾದುದೂ 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ವಿದ್ವಲ್ಲೋಕಕ್ಕೆ ತಿಳಿಯಿತು. ಆರ್ಸೆನಿಕ್ಕಿಗೆ ರುಚಿಯಿಲ್ಲ, ಬಣ್ಣವಿಲ್ಲ. ನಾಲಗೆ ಕಾಣದುದನ್ನು ಅಂಕಿಯೊಂದೇ ಕಾಣಿಸಬಲ್ಲದು. ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಮು, ಎಂದರೆ 10 ಮೈಕ್ರೊಗ್ರಾಮು. 'ಮೈಕ್ರೊ' ಇರಬೇಕಾದಲ್ಲಿ 'ಮಿಲಿ' ಎಂದು ಬರೆದರೆ ಸಾವಿರಪಟ್ಟು ತಪ್ಪಾಗುತ್ತದೆ. ನಮ್ಮ ವಿಧಾನಕ್ಕೆ ಗೋಚರವಾಗುವಷ್ಟು ಇಲ್ಲ ಎನ್ನಬೇಕಾದಲ್ಲಿ 'ಆರ್ಸೆನಿಕ್ ಇಲ್ಲ' ಎಂದರೆ ಲೆಕ್ಕ ಸರಿಯಿದ್ದೂ ಮಾತು ಸುಳ್ಳಾಗುತ್ತದೆ. ಕುದಿಸಿದರೆ ಆರ್ಸೆನಿಕ್ ಹೋಗದೆಂಬ ಒಂದು ವಾಕ್ಯವನ್ನು ವರದಿಯಲ್ಲಿ ಬಿಟ್ಟರೆ ಮನೆಯೊಡತಿ ನೀರನ್ನು ಕಾಯಿಸಿ ನಿಶ್ಚಿಂತಳಾಗಿರುತ್ತಾಳೆ.

ಈ ಕ್ರಮಕ್ಕೆ ಹೊಸ ಉಪಕರಣವಾಗಲಿ ಹೆಚ್ಚಿನ ತರಗತಿಯಾಗಲಿ ಬೇಕಿಲ್ಲ. ನಿಯತ ಪ್ರಯೋಗದ ಕೊನೆಯ ಅರ್ಧ ಗಂಟೆಯನ್ನು ಮೂರು ಹೇಳಿಕೆಗಳಿಗೆ ಮೀಸಲಿಡಬೇಕು. ಅಂಕಗಳಲ್ಲಿ ಒಂದು ಪಾಲನ್ನು ಅವುಗಳಿಗೆ ಕೊಡಬೇಕು. ಸುಗ್ಗಿಯಲ್ಲಿ ತರಗತಿ ತಪ್ಪಿದವರು ತಮ್ಮ ಊರಿನ ಬಾವಿಯ ನೀರನ್ನು ತಂದು ಅದೇ ಪ್ರಯೋಗವನ್ನು ಮುಂದೆ ಮಾಡಲು ಅವಕಾಶವಿರಬೇಕು. ಹೀಗಾದರೆ ದುಡಿಮೆಯ ದಿನಗಳು ಓದಿಗೆ ಕೇವಲ ಅಡಚಣೆಯಾಗಿ ಉಳಿಯದೆ, ಪ್ರಯೋಗಶಾಲೆಗೆ ಪ್ರಶ್ನೆಗಳನ್ನು ಒದಗಿಸುವ ದಿನಗಳಾಗುತ್ತವೆ. ಮೂರು ಪಟ್ಟಣಗಳ ಅಧ್ಯಾಪಕಮಿತ್ರರು ಒಂದು ವರ್ಷ ಇದನ್ನು ನಡೆಸಿ ನೋಡಿ, ವಿದ್ಯಾರ್ಥಿಗಳ ಮೊದಲ ಮತ್ತು ಕೊನೆಯ ಹೇಳಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಪರಿಶೀಲಿಸಬೇಕೆಂದು ಕೋರುತ್ತೇವೆ.