ರೈಲಿನ ಹಾಡು, ಬಾಗಿಲಲ್ಲಿ ನಿಂತು

ಡಿಗ್ರಿ ಮುಗಿಸಿ ಹತ್ತು ತಿಂಗಳಾಯಿತು. ವಾರಕ್ಕೊಮ್ಮೆಯಾದರೂ ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಇಂಟರ್‌ವ್ಯೂಗೆ ಓಡುತ್ತೇನೆ. ಸೀಟು ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಬಾಗಿಲ ಬಳಿ ಬ್ಯಾಗನ್ನು ಎದೆಗೆ ಅವುಚಿಕೊಂಡು, ಇಯರ್‌ಫೋನ್ ಸಿಕ್ಕಿಸಿಕೊಂಡು ನಿಲ್ಲುವುದು. ಹಾಗೆ ನಿಂತಿದ್ದಾಗ ಒಂದು ದಿನ ಮೊಬೈಲು ತಾನಾಗಿಯೇ ನುಡಿಸಿದ್ದು ‘ಟೇಕ್ ದಿ ಎ ಟ್ರೇನ್’. ಡ್ಯೂಕ್ ಎಲಿಂಗ್ಟನ್ ವಾದ್ಯವೃಂದ 1941ರಲ್ಲಿ ಮುದ್ರಿಸಿದ, ಮೂರು ನಿಮಿಷವೂ ತುಂಬದ ಜಾಝ್. ಹಾಡು ಅಂತ ಕರೆದರೂ ಆ ಮುದ್ರಣದಲ್ಲಿ ಯಾರೂ ಹಾಡುವುದಿಲ್ಲ, ಬರೀ ವಾದ್ಯ.

ಮೊದಲ ಸಲ ಭಾರೀ ವೇಗ ಅನ್ನಿಸಿತು. ತೊಡೆ ತಟ್ಟಿ ಎಣಿಸಿದೆ. ನಿಮಿಷಕ್ಕೆ ಸುಮಾರು 160 ಪೆಟ್ಟು. ಆದರೂ ಅದರಲ್ಲಿ ಎಲ್ಲೂ ಧಾವಂತವಿಲ್ಲ. ಕೆಳಗೆ ಬಾಸ್ ಒಂದೊಂದು ಪೆಟ್ಟಿಗೂ ಒಂದೊಂದು ಹೆಜ್ಜೆ ಇಡುತ್ತಿದ್ದರೆ, ಮೇಲೆ ಸ್ಯಾಕ್ಸೊಫೋನುಗಳು ಸ್ವರಗಳನ್ನು ಆರಾಮವಾಗಿ ಎಳೆಯುತ್ತವೆ. ಇನ್ನು ಒಂದು ಪೆಟ್ಟನ್ನು ಎರಡು ಮಾಡುವಾಗ ಅವರು ಸಮಪಾಲು ಮಾಡುವುದಿಲ್ಲ. ‘ತಕಿಟ’ ಹೇಳಿ ನಡುವಿನ ‘ಕಿ’ ನುಂಗಿಬಿಡಿ, ಮೊದಲನೆಯದು ಉದ್ದ, ಎರಡನೆಯದು ಗಿಡ್ಡ ಆಗುತ್ತದಲ್ಲ, ಸ್ವಿಂಗ್ ಅನ್ನುವ ತೂಗಾಟ ಹೆಚ್ಚುಕಮ್ಮಿ ಅದೇ.

ನಮ್ಮ ಅಕ್ಕ ಮನೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಅವಳ ಕಿವಿಗೂ ಒಂದು ತುದಿ ಸಿಕ್ಕಿಸಿದೆ. ಹಾಡು ಇರುವುದು ಸಿ ಮೇಜರ್‌ನಲ್ಲಿ. ‘ಶಂಕರಾಭರಣದ ಸ್ವರಗಳೇ ಕಣೋ’ ಅಂದವಳು ಮರುಕ್ಷಣವೇ ಹುಬ್ಬು ಗಂಟಿಕ್ಕಿದಳು. ‘ಅಯ್ಯೋ, ಇಲ್ಲಿ ಶುದ್ಧ ಧೈವತಕ್ಕೆ ಬಂದು ಕೂತರಲ್ಲ!’ ಅವಳು ಹಿಡಿದದ್ದು ಸರಿ. ಮೊದಲ ಸಾಲು ಬಂದು ನಿಲ್ಲುವುದೇ ಆ ಹೊರಗಿನ ಸ್ವರದ ಮೇಲೆ. ನನಗಂತೂ ಈ ಹಾಡಿನ ಜೀವ ಇರುವುದೇ ಅಲ್ಲಿ. ನೆಟ್ಟಗೆ ಹೋಗುತ್ತಿದ್ದ ರೈಲು ತಿರುವಿನಲ್ಲಿ ಕೊಂಚ ವಾಲಿ, ಮತ್ತೆ ಸರಿಹೋದ ಹಾಗೆ. ಮುಂದೆ ಅರ್ಧ ದಾರಿಯಲ್ಲಿ ತಾಳ ಮೂರರ ಎಣಿಕೆಗೆ ಜಾರಿದಂತೆ ಕೇಳಿಸುತ್ತದೆ. ಅಲ್ಲಿಂದ ಇಡೀ ವೃಂದ ಇ ಫ್ಲ್ಯಾಟ್‌ಗೆ ಏರುತ್ತದೆ. ‘ಹೇಳದೆ ಕೇಳದೆ ಶ್ರುತಿ ಬದಲಾಯಿಸಿದರಾ?’ ಅಂತ ಅಕ್ಕ ನನ್ನನ್ನೇ ಗದರಿದಳು!

ಇದನ್ನು ರಚಿಸಿದ್ದು ಎಲಿಂಗ್ಟನ್ ಅಲ್ಲ, ಬಿಲ್ಲಿ ಸ್ಟ್ರೇಹಾರ್ನ್. ಪಿಟ್ಸ್‌ಬರ್ಗ್‌ನ ಔಷಧಿ ಅಂಗಡಿಯಲ್ಲಿ ದುಡಿಯುತ್ತಿದ್ದ ಹುಡುಗ. 1938ರ ಡಿಸೆಂಬರ್‌ನಲ್ಲಿ, 23ನೇ ವಯಸ್ಸಿನಲ್ಲಿ, ಎಲಿಂಗ್ಟನ್ ಊರಿಗೆ ಬಂದಾಗ ರಂಗದ ಹಿಂದೆ ಹೋಗಿ ಪಿಯಾನೊ ನುಡಿಸಿದ. ಎಲಿಂಗ್ಟನ್‌ನ ಹಾಡನ್ನೇ ಮೊದಲು ಎಲಿಂಗ್ಟನ್ ನುಡಿಸುವಂತೆ, ಆಮೇಲೆ ತಾನಾದರೆ ಹೇಗೆ ನುಡಿಸುತ್ತೇನೋ ಹಾಗೆ. ಅದಕ್ಕಿಂತ ದೊಡ್ಡ ಇಂಟರ್‌ವ್ಯೂ ಯಾವುದಿದೆ ಹೇಳಿ. ನ್ಯೂಯಾರ್ಕ್‌ಗೆ ಬಾ ಎಂದು ಎಲಿಂಗ್ಟನ್ ಅವನಿಗೆ ಮನೆಯ ದಾರಿ ತಿಳಿಸಿದ. ಹಾರ್ಲೆಮ್‌ಗೆ ಹೋಗುವ ‘ಎ’ ರೈಲು ಹಿಡಿಯಬೇಕು ಅನ್ನುವ ಆ ಮಾತೇ ಹಾಡಿನ ಹೆಸರಾಯಿತು.

ಆದರೆ ಹಾಡು ಕಸದ ಬುಟ್ಟಿ ಸೇರಿತ್ತಂತೆ. ಬೇರೊಬ್ಬರ ಶೈಲಿಯಂತೆ ಕೇಳುತ್ತಿದೆ ಎಂದು ಸ್ಟ್ರೇಹಾರ್ನೇ ಎಸೆದಿದ್ದ. 1941ರ ಆರಂಭದಲ್ಲಿ ಹಕ್ಕುಶುಲ್ಕದ ಜಗಳದಿಂದಾಗಿ ಆಸ್ಕ್ಯಾಪ್ ಸಂಘದ ಸದಸ್ಯರ ಹಾಡುಗಳು ಅಮೆರಿಕದ ರೇಡಿಯೊದಲ್ಲಿ ನಿಂತುಹೋದವು. ಸದಸ್ಯನಾಗಿದ್ದ ಎಲಿಂಗ್ಟನ್‌ಗೆ ಪ್ರಸಾರಕ್ಕೆ ತನ್ನದೇ ಹಾಡುಗಳಿಲ್ಲ. ಸ್ಟ್ರೇಹಾರ್ನ್ ಸದಸ್ಯನಲ್ಲ, ಅವನ ಹಾಡಿಗೆ ಅಡ್ಡಿಯಿಲ್ಲ. ಆ ಹಾಳೆಯನ್ನು ಬುಟ್ಟಿಯಿಂದ ಎತ್ತಿದ್ದು ತಾನೇ ಎಂದು ಎಲಿಂಗ್ಟನ್‌ನ ಮಗ ಮರ್ಸರ್ ಮುಂದೆ ಹೇಳಿಕೊಂಡಿದ್ದಾನೆ. ಆ ವೃಂದದ ಗುರುತಿನ ಹಾಡಾದದ್ದು ಅದೇ.

ಇದು ಗೊತ್ತಾದ ಮೇಲೆ ಹಾಡಿನ ಮೂಡ್ ನನಗೆ ಬೇರೆಯೇ ಕೇಳಿಸತೊಡಗಿತು. ಮೊದಲು ಬರೀ ಖುಷಿ ಅಂದುಕೊಂಡಿದ್ದೆ. ಅದು ಎಲ್ಲಿ ಇಳಿಯಬೇಕೆಂದು ಗೊತ್ತಿರುವವನ, ಇಳಿದಲ್ಲಿ ತನಗಾಗಿ ಒಬ್ಬರು ಕಾಯುತ್ತಿದ್ದಾರೆ ಎಂದು ಗೊತ್ತಿರುವವನ ನೆಮ್ಮದಿ. 160ರ ವೇಗದಲ್ಲೂ ಉಸಿರು ಕಟ್ಟದಿರುವುದು ಅದಕ್ಕೇ ಇರಬೇಕು. ನನ್ನ ರೈಲು ಅದಕ್ಕಿಂತ ಎಷ್ಟೋ ನಿಧಾನ. ಆದರೂ ಯಶವಂತಪುರ ದಾಟುತ್ತಲೇ ಎದೆ ಡವಗುಟ್ಟುತ್ತದೆ.

ಮೊನ್ನೆ ರಾತ್ರಿ ಕ್ಲಾಸ್‌ಮೇಟ್ ಒಬ್ಬನ ಮೆಸೇಜ್ ಬಂತು. ‘ನಮ್ಮಲ್ಲಿ ಒಂದು ಪೋಸ್ಟ್ ಖಾಲಿ ಇದೆ ಮಗಾ. ಸೋಮವಾರ ಬಾ. ಮೆಜೆಸ್ಟಿಕ್‌ನಲ್ಲಿ ಪರ್ಪಲ್ ಲೈನ್ ಹಿಡಿ, ಹೂಡಿಯಲ್ಲಿ ಇಳಿದು ಕಾಲ್ ಮಾಡು, ನಾನೇ ಬರ್ತೀನಿ.’ ಕೆಲಸ ಸಿಗುತ್ತದೋ ಇಲ್ಲವೋ. ಮೆಸೇಜನ್ನಂತೂ ಅಕ್ಕನಿಗೂ ಓದಿ ಹೇಳಿದ್ದೇನೆ. ‘ಶರ್ಟು ಇಸ್ತ್ರಿ ಮಾಡಿಸ್ಕೋ ಮೊದ್ಲು’ ಅಂದಳು.