ಹಿಡಿಯುವುದಕ್ಕಿಂತ ಬಿಡುವುದೇ ಮುಖ್ಯ: ಅಮೆರಿಕದ ಕಡಲಂಚಿನ ಕೆಂಪು ಮೀನಿನ ಕಥೆ

ಮೊಣಕಾಲುದ್ದದ ನೀರಿನಲ್ಲಿ ತಾಮ್ರವರ್ಣದ ಬಾಲವೊಂದು ಮೇಲೆದ್ದು ಅಲುಗಾಡಿತೆಂದರೆ ಮೆಕ್ಸಿಕೊ ಕೊಲ್ಲಿಯ ತೀರದ ಗಾಳಗಾರರು ಉಸಿರು ಬಿಗಿಹಿಡಿಯುತ್ತಾರೆ. ಕೆಸರಿನಲ್ಲಡಗಿದ ಏಡಿ, ಸಿಗಡಿಗಳನ್ನು ಹುಡುಕಲು 'ರೆಡ್‌ಫಿಶ್' ತಲೆ ತಗ್ಗಿಸಿದಾಗ ಅದರ ಬಾಲ ಹೀಗೆ ಹೊರಚಾಚುತ್ತದೆ.

ಈ ಮೀನಿನ ಇನ್ನೊಂದು ಹೆಸರು ರೆಡ್ ಡ್ರಮ್. ಗಾಳಿಚೀಲದ ಬಳಿಯ ಸ್ನಾಯುಗಳನ್ನು ಕಂಪಿಸಿ ಡೋಲಿನಂತಹ ಸದ್ದು ಹೊರಡಿಸುವುದರಿಂದ ಈ ಹೆಸರು ಬಂದಿದೆ. ಬಾಲದ ಬುಡದ ಕಪ್ಪು ಚುಕ್ಕೆ ಇದರ ಗುರುತು. ಗುಜರಾತ್ ಸರ್ಕಾರ 2023ರಲ್ಲಿ ರಾಜ್ಯ ಮೀನೆಂದು ಘೋಷಿಸಿದ 'ಘೋಲ್' ಕೂಡ ಇದೇ ಕುಟುಂಬಕ್ಕೆ ಸೇರಿದೆ.

ಎರಡು ನೀರು, ಎರಡು ವಿಧಾನ

ಆಳವಿಲ್ಲದ ಹಿನ್ನೀರಿನಲ್ಲಿ ಮೌನವೇ ಮೊದಲ ಪಾಠ. ಎಂಜಿನ್ ನಿಲ್ಲಿಸಿ, ಉದ್ದನೆಯ ಕೋಲಿನಿಂದ ದೋಣಿಯನ್ನು ತಳ್ಳುತ್ತಾ ಸಾಗಬೇಕು. ಗಾಳವನ್ನು ಮೀನಿನ ತಲೆಯ ಮೇಲೆ ಎಸೆದರೆ ಅದು ಬೆದರಿ ಓಡುತ್ತದೆ; ಅದು ಸಾಗುವ ದಾರಿಯಲ್ಲಿ ತುಸು ಮುಂದಕ್ಕೆ ಎಸೆಯಬೇಕು. ಭರತದ ವೇಳೆ ಮೀನು ಹುಲ್ಲಿನ ಅಂಚಿಗೆ ಬರುತ್ತದೆ. ಇಳಿತದಲ್ಲಿ ಕಾಲುವೆಗಳ ಬಾಯಲ್ಲಿ ಬೇಟೆಗೆ ಕಾದಿರುತ್ತದೆ.

ಅಲೆಗಳ ನಡುವಿನ ಆಟವೇ ಬೇರೆ. ಉತ್ತರ ಕೆರೊಲಿನಾದ ಹ್ಯಾಟರಸ್ ತೀರದಲ್ಲಿ ಶರತ್ಕಾಲ ಬಂದಾಗ ಭಾರೀ ಮೀನುಗಳು ದಡಕ್ಕೆ ಸಮೀಪಿಸುತ್ತವೆ. ಮರಳದಿಬ್ಬ ಹಾಗೂ ದಡದ ನಡುವಿನ ತಗ್ಗೇ ಅವುಗಳ ಹಾದಿ. ಉದ್ದನೆಯ ಕೋಲು, ಭಾರವಾದ ಸೀಸದ ಗುಂಡು, ಕತ್ತರಿಸಿದ ಮೀನಿನ ತುಂಡು ಇಲ್ಲಿನ ಸಲಕರಣೆಗಳು. 1984ರ ನವೆಂಬರ್‌ನಲ್ಲಿ ಇಲ್ಲಿನ ಏವನ್‌ನಲ್ಲಿ ಸಿಕ್ಕ 94 ಪೌಂಡ್ 2 ಔನ್ಸ್ (ಸುಮಾರು 42.7 ಕಿಲೋ) ತೂಕದ ಮೀನು ವಿಶ್ವದಾಖಲೆಯಾಯಿತು.

ರುಚಿಯೇ ಮುಳುವಾದಾಗ

1980ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಬಾಣಸಿಗ ಪಾಲ್ ಪ್ರುಡೋಮ್ ಮಸಾಲೆ ಸವರಿ, ಕಾದ ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಗಿಸಿದ ರೆಡ್‌ಫಿಶ್ ದೇಶವಿಡೀ ಮನೆಮಾತಾಯಿತು. ಬೇಡಿಕೆ ಪೂರೈಸಲು ದೊಡ್ಡ ಬಲೆಗಳು ಕಡಲಿಗಿಳಿದು, ಮೊಟ್ಟೆಯಿಡುವ ವಯಸ್ಕ ಮೀನುಗಳ ಹಿಂಡುಗಳನ್ನೇ ಬಾಚಿದವು. ಹಲವು ದಶಕ ಬಾಳಬಲ್ಲ ಈ ಮೀನು ಸಂತಾನೋತ್ಪತ್ತಿಗೆ ಸಿದ್ಧವಾಗಲು ಕೆಲವು ವರ್ಷಗಳೇ ಬೇಕು. ಹೀಗಾಗಿ ನಷ್ಟ ಬೇಗನೆ ತುಂಬುವಂಥದ್ದಲ್ಲ. ಟೆಕ್ಸಾಸ್ 1981ರಲ್ಲೇ ಕಾಡುಮೀನಿನ ಮಾರಾಟ ನಿಷೇಧಿಸಿತ್ತು. 1986ರಲ್ಲಿ ಕೇಂದ್ರ ಸರ್ಕಾರವೂ ತುರ್ತುಕ್ರಮಕ್ಕೆ ಮುಂದಾಯಿತು.

ಅಳತೆಯ ಲೆಕ್ಕಾಚಾರ

ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ 20ರಿಂದ 28 ಅಂಗುಲದ ಮೀನನ್ನಷ್ಟೇ, ದಿನಕ್ಕೆ 3ರಂತೆ ಒಯ್ಯಬಹುದು. ಚಿಕ್ಕದು ಇನ್ನೂ ಬೆಳೆಯಬೇಕು, ದೊಡ್ಡದು ಮೊಟ್ಟೆಯಿಡಬೇಕು ಎಂಬುದೇ ಇದರ ತರ್ಕ. ಲೂಸಿಯಾನಾ 2024ರಲ್ಲಿ ನಿಯಮ ಬಿಗಿಗೊಳಿಸಿ, ದಿನದ ಮಿತಿಯನ್ನು 5ರಿಂದ 4ಕ್ಕೆ ಇಳಿಸಿತು. 27 ಅಂಗುಲ ಮೀರಿದ ಮೀನನ್ನು ಒಯ್ಯುವಂತಿಲ್ಲ ಎಂದಿತು.

ಬಿಟ್ಟ ಮೀನು ಬದುಕಿದರೆ ಮಾತ್ರ ಈ ನಿಯಮಗಳಿಗೆ ಅರ್ಥ. ವೃತ್ತಾಕಾರದ ಕೊಕ್ಕೆ ಹೊಟ್ಟೆಗಿಳಿಯದೆ ಬಾಯಂಚಿನಲ್ಲಿ ಸಿಲುಕುವುದೇ ಹೆಚ್ಚು. ದಾರ ಗಟ್ಟಿಯಾಗಿದ್ದರೆ ಸೆಣಸಾಟ ಬೇಗ ಮುಗಿದು ಮೀನು ದಣಿಯುವುದಿಲ್ಲ. ಎತ್ತುವಾಗ ಹೊಟ್ಟೆಗೆ ಕೈಯಾಸರೆ ಕೊಟ್ಟು, ಕೂಡಲೇ ನೀರಿಗೆ ಮರಳಿಸಬೇಕು. ಜಾಣ ಗಾಳಗಾರನ ಪರೀಕ್ಷೆ ನಡೆಯುವುದು ಅಲ್ಲಿಯೇ.