ಬಂದೂಕು ಕೆಳಗಿಟ್ಟ ಮೇಲೆ

1972ರ ಏಪ್ರಿಲ್ 14. ಮಧ್ಯಪ್ರದೇಶದ ಮುರೈನಾ ಜಿಲ್ಲೆಯ ಜೌರಾ. ವೇದಿಕೆಯ ಮೇಲೆ ಗಾಂಧೀಜಿಯ ಭಾವಚಿತ್ರ, ಪಕ್ಕದಲ್ಲಿ ಜಯಪ್ರಕಾಶ ನಾರಾಯಣ್. ಚಂಬಲ್ ಕಣಿವೆಯನ್ನೇ ನಡುಗಿಸಿದ್ದ ಡಕಾಯಿತ ಮೋಹರ್ ಸಿಂಗ್ ಬಂದ, ಬಂದೂಕನ್ನು ಭಾವಚಿತ್ರದ ಮುಂದಿಟ್ಟ, ಕೈಮುಗಿದ. ಅವನ ಹಿಂದೆ ಒಬ್ಬರಾದ ಮೇಲೊಬ್ಬರು. ಆ ಸೀಮೆಯ ಜನರ ಬಾಯಲ್ಲಿ ಇವರು ‘ಬಾಗಿ’ಗಳು, ಅಂದರೆ ಬಂಡೆದ್ದವರು.

ಆ ದಿನದ ಚಿತ್ರಗಳನ್ನು ದೇಶವೇ ನೋಡಿತು. ನನ್ನ ಮನಸ್ಸು ಮಾತ್ರ ಮಾರನೆಯ ದಿನದ ಕಡೆಗೇ ಹೋಗುತ್ತದೆ. ಜೈಲಿಗೆ ಹೋದವನ ಹೆಂಡತಿ ಮಕ್ಕಳ ಹೊಟ್ಟೆಪಾಡೇನು? ಅವನ ಗುಂಡಿಗೆ ಗಂಡನನ್ನು ಕಳೆದುಕೊಂಡವಳ ಮನೆಯಲ್ಲಿ ಒಲೆ ಹತ್ತುವುದು ಹೇಗೆ? ಇಬ್ಬರೂ ಹೋಗಬೇಕಾದದ್ದು ಅದೇ ಸಂತೆಗೆ, ಅದೇ ದಾರಿಯಲ್ಲಿ.

ಈ ಪ್ರಶ್ನೆಗಳನ್ನು ಹೆಗಲಿಗೆ ಹಾಕಿಕೊಂಡದ್ದು ಜೌರಾದ ಮಹಾತ್ಮ ಗಾಂಧಿ ಸೇವಾ ಆಶ್ರಮ. ಅದನ್ನು ಕಟ್ಟಿದವರು ನಮ್ಮ ಬೆಂಗಳೂರಿನವರು, 1929ರಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್. ಹದಿಮೂರರ ವಯಸ್ಸಿಗೇ ‘ಕ್ವಿಟ್ ಇಂಡಿಯಾ’ ಎಂದು ಗೋಡೆಯ ಮೇಲೆ ಬರೆದು ಪೊಲೀಸರ ಕೈಗೆ ಸಿಕ್ಕ ಹುಡುಗ, ಮುಂದೆ ನಮ್ಮ ನಾ.ಸು. ಹರ್ಡೀಕರರ ಸೇವಾದಳದಲ್ಲಿ ದುಡಿದರು. ಖಾದಿ ಚಡ್ಡಿ, ಅರ್ಧ ತೋಳಿನ ಅಂಗಿ, ಕಂಚಿನ ಕಂಠ. ಉತ್ತರದವರಿಗೆಲ್ಲ ಅವರು ‘ಭಾಯಿಜಿ’. ಬಾಗಿಗಳ ಕುಟುಂಬಗಳ ಕೈಗೂ, ಅವರಿಂದ ನೊಂದವರ ಕೈಗೂ ಕೆಲಸ ಕೊಡಬೇಕೆಂದು ಆಶ್ರಮ ಹೊರಟಿತು. ಖಾದಿಯ ನೂಲು ಅದಕ್ಕೆ ಒದಗಿತು. ಸಮಾರಂಭ ಒಂದು ದಿನಕ್ಕೆ ಮುಗಿಯುತ್ತದೆ. ಈ ಕೆಲಸಕ್ಕೆ ವರ್ಷಗಳು ಬೇಕು, ಅದನ್ನು ನೋಡಲು ಯಾರೂ ಕ್ಯಾಮೆರಾ ಹಿಡಿದು ಬರುವುದಿಲ್ಲ.

ಸುಬ್ಬರಾವ್ ಅವರ ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳ ಮರ್ಮವೂ ಇದೇ: ಕೂಡಿ ದುಡಿಯುವ ಕೈಗಳು ಮನಸ್ಸುಗಳನ್ನು ಬೆಸೆಯುತ್ತವೆ. ಬೆಳಗಿನ ಜಾವ ಎದ್ದು ಹಾಡು, ಆಮೇಲೆ ಶ್ರಮದಾನ. ಸಾಲಾಗಿ ನಿಂತವರ ಕೈಯಿಂದ ಕೈಗೆ ಮಣ್ಣಿನ ಬುಟ್ಟಿ ದಾಟಬೇಕು. ತಮಿಳುನಾಡಿನ ಹುಡುಗ ಪಂಜಾಬಿನವನಿಗೆ ಕೊಡುತ್ತಾನೆ, ಪಂಜಾಬಿನವನು ಮಣಿಪುರದ ಹುಡುಗಿಗೆ. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೆ ಬುಟ್ಟಿ ಬೀಳಬಾರದು ಎನ್ನುವುದು ಮೂವರಿಗೂ ಗೊತ್ತು. ದಿನಕ್ಕೆ ಒಂದು ಗಂಟೆ ದೇಹಕ್ಕೆ, ಒಂದು ಗಂಟೆ ದೇಶಕ್ಕೆ ಕೊಡಿ ಎಂದು ಅವರು ಹೋದಲ್ಲೆಲ್ಲ ಕೇಳುತ್ತಿದ್ದರು. ಸಂಜೆ ‘ಭಾರತ್ ಕೀ ಸಂತಾನ್’: ಮಕ್ಕಳು ಬೇರೆ ಬೇರೆ ರಾಜ್ಯಗಳ ಉಡುಗೆ ತೊಟ್ಟು ಬರುತ್ತಿದ್ದರು, ಭಾಯಿಜಿ ಆಯಾ ಭಾಷೆಯಲ್ಲೇ ಹಾಡುತ್ತಿದ್ದರು.

ಚಂಬಲ್ ಕಣಿವೆಯಲ್ಲೇ ಪಳಗಿದ ಕೇರಳದ ಪಿ.ವಿ. ರಾಜಗೋಪಾಲ್ ಮುಂದೆ ಏಕತಾ ಪರಿಷತ್ ಕಟ್ಟಿದರು. 2007ರಲ್ಲಿ ಅದರ ಕರೆಗೆ ಓಗೊಟ್ಟು ಸುಮಾರು 25,000 ಬಡವರು ಭೂಮಿಯ ಹಕ್ಕಿಗಾಗಿ ಗ್ವಾಲಿಯರ್‌ನಿಂದ ದೆಹಲಿಗೆ ನಡೆದರು, ಒಂದು ಕಲ್ಲನ್ನೂ ಎತ್ತದೆ. 2023ರಲ್ಲಿ ಜಪಾನಿನ ನಿವಾನೋ ಶಾಂತಿ ಪ್ರಶಸ್ತಿ ರಾಜಗೋಪಾಲರಿಗೆ ಸಂದಾಗ ನನಗೆ ನೆನಪಾದದ್ದು ಜೌರಾದಲ್ಲಿ ನೂಲು ತೆಗೆದ, ಯಾರೂ ಹೆಸರು ಕೇಳದ ಹೆಂಗಸರು. ಹಾರ ಅವರ ಕೊರಳಿಗೂ ಬೀಳಬೇಕು.

ಭಾಯಿಜಿ 2021ರ ಅಕ್ಟೋಬರ್ 27ರಂದು ಜೈಪುರದಲ್ಲಿ ತೀರಿಕೊಂಡರು. ಬೆಂಗಳೂರಿನ ಈ ಜೀವಕ್ಕೆ ಚಿತೆ ಹೂಡಿದ್ದು ಜೌರಾದ ಆಶ್ರಮದ ಮಣ್ಣಿನಲ್ಲೇ.